ಎದುರಿಗೆ ನಿಂತು ಹಾಕುವ ಓಟು

ನನ್ನ ಮಾವನಿಗೆ ಮೈಕು ಬೇಕಿಲ್ಲ. ಕೆಲಸಕ್ಕೆ ಸೇರಿದಾಗಿನಿಂದ ನಿವೃತ್ತಿಯಾಗುವವರೆಗೂ ಹೆಣ್ಣುಮಕ್ಕಳ ಶಾಲೆಯೊಂದರಲ್ಲಿ ಡ್ರಿಲ್ ಮೇಷ್ಟ್ರಾಗಿದ್ದವರು ಅವರು, ನನ್ನ ಸೋದರತ್ತೆಯ ಗಂಡ. ಮೈದಾನದ ಈ ತುದಿಯಲ್ಲಿ ನಿಂತು "ಎಡಕ್ಕೆ ತಿರುಗ್!" ಎಂದರೆ ಆ ತುದಿಯ ಹುಡುಗಿಯರಷ್ಟೇ ಅಲ್ಲ, ಕಾಂಪೌಂಡಿನಾಚೆ ಬೀದಿಯಲ್ಲಿ ಹೋಗುತ್ತಿದ್ದವರೂ ಒಮ್ಮೆ ಎಡಕ್ಕೆ ತಿರುಗುತ್ತಿದ್ದರಂತೆ. ಇದು ಅವರೇ ಹೇಳಿಕೊಳ್ಳುವ ಮಾತು, ಅರ್ಧ ಬಿಟ್ಟು ಅರ್ಧ ನಂಬಬೇಕು. ಗಂಟಲು ಮಾತ್ರ ನಿಜ. ಊಟಕ್ಕೆ ಕೂತು ಉಪ್ಪು ಕೇಳಿದರೆ ಕೆಳಗಿನ ಮನೆಯವರು ಎದ್ದು ಉಪ್ಪಿನ ಡಬ್ಬಿ ಹುಡುಕಬೇಕು, ಹಾಗೆ ಕೇಳುತ್ತಾರೆ.

ಇಂಥ ಮನುಷ್ಯನ ಮಾತು ಒಂದೇ ಒಂದು ಕಡೆ ಯಾರ ಕಿವಿಗೂ ಬೀಳುತ್ತಿರಲಿಲ್ಲ. ಅದು ಫ್ಲಾಸ್ಕ್ ಕಂಪನಿಯ ವಾರ್ಷಿಕ ಸಭೆ.

ಫ್ಲಾಸ್ಕ್ ಕಂಪನಿ ಅಂದರೆ ನಮ್ಮ ತಾತ ದುಡಿದ ಕಂಪನಿ. ತಾತ, ಅಂದರೆ ನನ್ನ ಅಪ್ಪನ ಮತ್ತು ಅತ್ತೆಯ ಅಪ್ಪ, ಗಾಜಿನ ವಿಭಾಗದಲ್ಲಿದ್ದರು. ತಯಾರಾದ ಫ್ಲಾಸ್ಕಿನ ಬಾಯಿಗೆ ಕಿವಿಯಿಟ್ಟು ಕೇಳುವುದು ಅವರ ಕೆಲಸದ ಕೊನೆಯ ಹಂತ. ಒಳ್ಳೆಯ ಫ್ಲಾಸ್ಕು ಕಿವಿಯಲ್ಲಿ ಹೂಂಗುಡುತ್ತದೆ, ಗಾಳಿ ಹೊಕ್ಕಿದ್ದು ಮಂಕಾಗಿ ಸುಮ್ಮನಿರುತ್ತದೆ. ಮನೆಗೆ ಬಂದ ಮೇಲೂ ತಾತ ಅಭ್ಯಾಸ ಬಿಡದೆ ಚೊಂಬು, ಬಾಟಲಿ, ಹೂಜಿ ಎಲ್ಲಕ್ಕೂ ಕಿವಿ ಇಡುತ್ತಿದ್ದರು ಎಂದು ಅಜ್ಜಿ ಬೈಯುತ್ತಿದ್ದಳು.

ಕಂಪನಿಯನ್ನು ಕಟ್ಟಿದ ದೊಡ್ಡ ಯಜಮಾನರು ಅದನ್ನು ಷೇರುಪೇಟೆಗೆ ತಂದಾಗ ಕೆಲಸಗಾರರಿಗೆಲ್ಲ ಒಂದಷ್ಟು ಷೇರು ಕೊಟ್ಟರು. ತಾತ ತಮ್ಮ ಪಾಲನ್ನು ಸರಿಯಾಗಿ ಎರಡು ಮಾಡಿ ಅರ್ಧವನ್ನು ಮಗನಿಗೆ, ಅರ್ಧವನ್ನು ಮಗಳ ಮದುವೆಯಲ್ಲಿ ಮಗಳಿಗೆ ಕೊಟ್ಟರು. ನನ್ನ ಅಪ್ಪ ಅದೇ ವಾರ ಮಾರಿ ಸ್ಕೂಟರ್ ತಂದ. ಮಾವ ಮುಂದೆ ಎಷ್ಟೋ ವರ್ಷ ಆ ಸ್ಕೂಟರನ್ನು 'ಫ್ಲಾಸ್ಕು' ಎಂದೇ ಕರೆದರು. "ಏನು ಭಾವ, ನಿಮ್ಮ ಫ್ಲಾಸ್ಕು ಇವತ್ತು ಸ್ಟಾರ್ಟ್ ಆಯ್ತಾ?" ಎಂದು ಬಾಗಿಲಲ್ಲೇ ಕೇಳುವರು. ಅಪ್ಪ ಹಲ್ಲು ಕಚ್ಚಿಕೊಂಡು ಕಿಕ್ ಹೊಡೆಯುವನು. ಯಾಕೆಂದರೆ ಅಷ್ಟು ಹೊತ್ತಿಗೆ ಷೇರಿನ ಬೆಲೆ ಏರುತ್ತ ಏರುತ್ತ ಅತ್ತೆಯ ಪಾಲಿನಿಂದ ಅಂಥ ಸ್ಕೂಟರುಗಳನ್ನು ಸಾಲಾಗಿ ನಿಲ್ಲಿಸಬಹುದಾಗಿತ್ತು. ಈಗ ಅಪ್ಪನ ಸರದಿ. "ನನ್ನ ಫ್ಲಾಸ್ಕು ಗುಜರಿಗೆ ಹೋದಾಗಲೂ ನಾಲ್ಕು ಕಾಸು ಬಂತು ನೋಡು" ಎನ್ನುತ್ತಾನೆ. ಮಾವನ ಎದುರು ಮಾತ್ರ ಹೇಳುವುದಿಲ್ಲ, ಅಷ್ಟು ಮರ್ಯಾದೆ ಇದೆ.

ಷೇರು ಏರಿದ್ದ ಕಾಲದಲ್ಲೇ ಅತ್ತೆಯ ಮಂಡಿ ಕೈಕೊಡಲು ಶುರುವಾದದ್ದು. ಅವರ ಮನೆ ಎರಡನೇ ಮಹಡಿಯಲ್ಲಿದೆ, ಲಿಫ್ಟ್ ಇಲ್ಲ. ಮೆಟ್ಟಿಲುಗಳು ಕಡಿದಾಗಿವೆ, ಕಟ್ಟಿದವನಿಗೆ ಮಂಡಿಯೇ ಇರಲಿಲ್ಲವೇನೋ ಎಂಬಂತೆ. ಎರಡೂ ಮಂಡಿ ಬದಲಾಯಿಸಬೇಕು, ಬೇಗ ಮಾಡಿಸಿದಷ್ಟೂ ಒಳ್ಳೆಯದು ಎಂದರು ಡಾಕ್ಟರು. ಅತ್ತೆ, "ಅಪ್ಪ ಕೊಟ್ಟಿದ್ದು ಇದೆಯಲ್ಲ, ಮಾರಿಬಿಡೋಣ ರೀ" ಎಂದರು. ಮಾವ ಅಂದ ಮಾತು ನನಗೆ ಚೆನ್ನಾಗಿ ನೆನಪಿದೆ, ನಾನು ಅಲ್ಲೇ ಟೀ ಕುಡಿಯುತ್ತ ಕೂತಿದ್ದೆ.

"ತಡಿ, ಇನ್ನೂ ಏರುತ್ತೆ. ಮಂಡಿ ಎಲ್ಲಿಗೂ ಓಡಿ ಹೋಗಲ್ಲ."

ಮಂಡಿ ನಿಜಕ್ಕೂ ಎಲ್ಲಿಗೂ ಓಡಿ ಹೋಗಲಿಲ್ಲ. ಅತ್ತೆಯೂ ಎಲ್ಲಿಗೂ ಹೋಗದಂತಾದರು. ಒಂದು ಮೆಟ್ಟಿಲಿಗೆ ಎರಡೂ ಕಾಲಿಟ್ಟು, ಕಂಬಿಯನ್ನು ಎರಡೂ ಕೈಯಲ್ಲಿ ಹಿಡಿದು, ಪಕ್ಕಕ್ಕೆ ತಿರುಗಿಕೊಂಡು ಇಳಿಯುತ್ತಾರೆ. ಇಳಿದ ಮೇಲೆ ಮತ್ತೆ ಹತ್ತಬೇಕಲ್ಲ ಎಂದು ಇಳಿಯುವುದನ್ನೇ ಕಡಿಮೆ ಮಾಡಿದರು. ಮಾವನಿಗೆ ಒಂದು ದಿನವೂ ಚುಚ್ಚಿ ಮಾತಾಡಿದ್ದಿಲ್ಲ. ನನಗೆ ಅದೇ ಸಿಟ್ಟು. ನಾನಾಗಿದ್ದರೆ ದಿನಕ್ಕೆರಡು ಸಲ ಚುಚ್ಚುತ್ತಿದ್ದೆ.

ದೊಡ್ಡ ಯಜಮಾನರು ಹೋದ ಮೇಲೆ ಅವರ ಮಗ, ಎಲ್ಲರೂ ಚಿಕ್ಕ ಯಜಮಾನರು ಎನ್ನುವವರು, ಅಧ್ಯಕ್ಷರಾಗಿ ಕೂತರು. ಆ ಹೊತ್ತಿಗೆ ಪೇಟೆಗೆ ಸ್ಟೀಲ್ ಬಾಟಲಿಗಳು ಬಂದಿದ್ದವು. ಬಿದ್ದರೆ ಒಡೆಯುವ ಗಾಜಿನ ಫ್ಲಾಸ್ಕು ಯಾರಿಗೆ ಬೇಕು? ನೀವೂ ಸ್ಟೀಲಿನದು ಮಾಡಿ ಎಂದು ಮಾವ ಸಭೆಯಲ್ಲಿ ಎದ್ದು ನಿಂತು ಹೇಳಿದರು. ಚಿಕ್ಕ ಯಜಮಾನರು ಕಂಪನಿಯ ಲಾಂಛನ ಬದಲಾಯಿಸಿದರು. ಮರುವರ್ಷ ಮಾವ ಮತ್ತೆ ಹೇಳಿದರು. ಚಿಕ್ಕ ಯಜಮಾನರು ಕಡಲ ದಡದಲ್ಲಿ ಒಂದು ಹೋಟೆಲು ಕೊಂಡರು. ಫ್ಲಾಸ್ಕಿಗೂ ಹೋಟೆಲಿಗೂ ಏನು ಸಂಬಂಧ ಎಂದು ಮಾವ ಕೇಳಿದ ವರ್ಷ ಲಾಭಾಂಶ ನಿಂತಿತು, ಷೇರಿನ ಬೆಲೆ ಇಳಿಯಿತು, ಚಿಕ್ಕ ಯಜಮಾನರ ಸಂಬಳ ಏರಿತು. ಪ್ರತಿ ವರ್ಷವೂ ವೇದಿಕೆಯಿಂದ ಒಂದೇ ಉತ್ತರ: "ತಮ್ಮ ಅಮೂಲ್ಯ ಸಲಹೆಯನ್ನು ಗಮನಕ್ಕೆ ತೆಗೆದುಕೊಂಡಿದ್ದೇವೆ."

ಈ ಮಾತು ನಮ್ಮ ಮನೆಗಳಲ್ಲಿ ಗಾದೆಗಿಂತ ಹೆಚ್ಚು ಓಡಾಡಿತು. ಈರುಳ್ಳಿ ತನ್ನಿ ಎಂದು ಅತ್ತೆ ಹೇಳಿದರೆ ಮಾವ, "ಗಮನಕ್ಕೆ ತೆಗೆದುಕೊಂಡಿದ್ದೇವೆ." ಮಾವ ಎರಡನೇ ಲೋಟ ಟೀ ಕೇಳಿದರೆ ಅತ್ತೆ, "ತಮ್ಮ ಅಮೂಲ್ಯ ಸಲಹೆ ಗಮನಕ್ಕೆ ಬಂದಿದೆ." ನಾನು ಕೆಲಸ ಮಾಡುವ ಹಲ್ಲಿನ ಡಾಕ್ಟರ ಕ್ಲಿನಿಕ್ಕಿನಲ್ಲಿ, ಸಮಯಕ್ಕೆ ಮುಂಚೆ ಒಳಗೆ ಬಿಡಿ ಎಂದು ಜಗಳಕ್ಕೆ ಬರುವವರಿಗೆ ನಾನೂ ಅದನ್ನೇ ಹೇಳಿ ನೋಡಿದ್ದೇನೆ. ಕೆಲಸ ಮಾಡುತ್ತದೆ. ಎದುರಿಗಿದ್ದವರಿಗೆ ಮುಂದೆ ಏನು ಹೇಳಬೇಕೆಂದೇ ತೋಚುವುದಿಲ್ಲ.

ಇನ್ನೊಬ್ಬರ ವಿಷಯ ಹೇಳಬೇಕು. ಕಂಪನಿಯ ಷೇರು ವಿಭಾಗದ ಗುಮಾಸ್ತರು. ತಾತನ ಕಾಲದಲ್ಲೇ ಕೆಲಸಕ್ಕೆ ಸೇರಿದವರು. ಅತ್ತೆಗೆ ಅವರು 'ಗುಮಾಸ್ತಣ್ಣ', ಅವರಿಗೆ ಅತ್ತೆ 'ತಂಗಿ'. ಪ್ರತಿ ವರ್ಷ ಸಭೆಗೆ ಮುಂಚೆ ಅವರು ಹಳೆಯ ಕೆಲಸಗಾರರ ಮನೆಮನೆಗೂ ಹೋಗುತ್ತಿದ್ದರು. ಬಿಸ್ಕತ್ತಿನ ಪೊಟ್ಟಣ ತರುವರು, ಟೀ ಕುಡಿಯುವರು, ಯಾರ ಮನೆಯಲ್ಲಿ ಯಾರು ಹುಟ್ಟಿದರು, ಯಾರು ಹೋದರು ಎಂದು ಹೇಳುವರು. ಏಳುವ ಮುಂಚೆ ಒಂದು ಕಾಗದ ಚಾಚುವರು: "ಇಲ್ಲೊಂದು ರುಜು ಹಾಕು ತಂಗಿ, ವರ್ಷವರ್ಷದ ಕೆಲಸ." ಅತ್ತೆ ರುಜು ಹಾಕುವರು. ಆ ಕಾಗದ ಏನು ಎಂದು ಯಾರೂ ಕೇಳಿದವರಲ್ಲ. ತನ್ನ ಓಟನ್ನು ಆಡಳಿತ ಮಂಡಳಿಯ ಕೈಗೆ ಕೊಡುವ ಒಪ್ಪಿಗೆ ಅದು. ಇತ್ತೀಚೆಗೆ ಕಾಗದ ಹೋಗಿ ಮೊಬೈಲು ಬಂದಿತ್ತು. ಅವರು ತಮ್ಮ ಫೋನಿನಲ್ಲಿ ಏನೋ ಒತ್ತುವರು, ಅತ್ತೆಯ ಫೋನಿಗೆ ಒಂದು ಸಂಖ್ಯೆ ಬರುವುದು, ಅತ್ತೆ ಕನ್ನಡಕ ಹುಡುಕಿ ಅದನ್ನು ಓದಿ ಹೇಳುವರು, ಅವರು "ಆಯ್ತು ತಂಗಿ" ಎಂದು ಏಳುವರು. ತನ್ನ ಅಪ್ಪನ ಜೊತೆ ದುಡಿದವರು, ಇಷ್ಟು ಮೆಟ್ಟಿಲು ಹತ್ತಿ ಬಂದವರು. ಯಾಕೆ ಏನು ಎಂದು ಕೇಳುವುದು ಅತ್ತೆಯ ಜಾಯಮಾನವಲ್ಲ.

ಮಾವನಿಗೂ ಇದರ ಮೇಲೆ ಗಮನವಿರಲಿಲ್ಲ. ಅವರಿಗೆ ಸಭೆ ಅಂದರೆ ಪ್ರಶ್ನೆ ಕೇಳುವುದು. ಓಟು ಅಂದರೆ ಲೆಕ್ಕಪತ್ರಕ್ಕೆ ಒಪ್ಪಿಗೆ, ಲೆಕ್ಕ ಪರಿಶೋಧಕರ ನೇಮಕ, ಇಂಥದ್ದೇ ಇರುತ್ತಿತ್ತು. ಅದಕ್ಕೆಲ್ಲ ಯಾರು ತಲೆ ಕೆಡಿಸಿಕೊಳ್ಳುತ್ತಾರೆ?

ಈ ವರ್ಷ ಬಂದ ಸಭೆಯ ಸೂಚನೆಯಲ್ಲಿ ಮಾತ್ರ ಹೊಸದೊಂದು ನಿರ್ಣಯವಿತ್ತು. ಫ್ಲಾಸ್ಕಿನ ಕಾರ್ಖಾನೆ, ಅದರ ಜಾಗ, ಅದರ ಹೆಸರು, ಎಲ್ಲವನ್ನೂ ಇನ್ನೊಂದು ಕಂಪನಿಗೆ ಮಾರುವುದು. ಆ ಕಂಪನಿ ಯಾರದು ಎಂದು ನೋಡಿದರೆ ಚಿಕ್ಕ ಯಜಮಾನರ ಭಾವಮೈದನದು. ಬೆಲೆ ನೋಡಿದರೆ ಜಾಗಕ್ಕೇ ಅದರ ಎಷ್ಟೋ ಪಟ್ಟು ಬರಬೇಕು. ಮಾರಿದ ಮೇಲೆ ಷೇರುದಾರರಿಗೆ ಉಳಿಯುವುದು ನಷ್ಟದ ಹೋಟೆಲು ಮತ್ತು ಹೊಸ ಲಾಂಛನ.

ಸೂಚನೆಯನ್ನು ಮಾವನಿಗೆ ಓದಿ ಹೇಳಿದವಳು ನಾನು. ಓದುತ್ತ ಓದುತ್ತ ಒಂದು ಕಡೆ ನಿಂತೆ. ಮಾರುವವರೂ ಕೊಳ್ಳುವವರೂ ಒಂದೇ ಮನೆಯವರಾದ್ದರಿಂದ ಈ ನಿರ್ಣಯಕ್ಕೆ ಯಜಮಾನರ ಮನೆಯವರು ಓಟು ಹಾಕುವಂತಿಲ್ಲ, ಹೊರಗಿನ ಷೇರುದಾರರೇ ತೀರ್ಮಾನಿಸಬೇಕು ಎಂದಿತ್ತು.

"ಇನ್ನೊಂದ್ಸಲ ಓದು" ಎಂದರು ಮಾವ.

ಓದಿದೆ.

"ಅಂದ್ರೆ ನಾವು ಬೇಡ ಅಂದ್ರೆ ಬೇಡ?"

"ನಮ್ಮಂಥವರು ಎಲ್ಲಾ ಸೇರಿ ಬೇಡ ಅಂದ್ರೆ, ಹೂಂ, ಆಗಲ್ಲ ಮಾವ. ಅವರು ಏನೂ ಮಾಡೋಕಾಗಲ್ಲ."

ಮಾವ ಎದ್ದು ನಿಂತರು, ಕೂತರು, ಮತ್ತೆ ಎದ್ದರು. ಅಡುಗೆಮನೆಯ ಬಾಗಿಲಿಗೆ ಹೋಗಿ, "ಕೇಳಿದ್ಯೇನೇ? ಈ ಸಲ ಗಮನಕ್ಕೆ ತಗೊಳ್ಳೋರು ನಾವು!" ಎಂದು ಕೂಗಿದರು. ಅತ್ತೆ ನಕ್ಕರು. ಜಾಗ ಸರಿಯಾದ ಬೆಲೆಗೆ ಹೋದರೆ ಷೇರಿಗೆ ಮತ್ತೆ ಜೀವ ಬರುತ್ತದೆ, ಬಂದ ದಿನವೇ ಮಾರುವುದು, ಮೊದಲು ಎಡ ಮಂಡಿ, ಆಮೇಲೆ ಬಲ ಮಂಡಿ ಎಂದು ಮಾವ ಅಲ್ಲೇ ನಿಂತು ಪಟ್ಟಿ ಹಾಕಿದರು. ಅತ್ತೆ, "ಮೊದಲು ಬಲಗಡೆದು ರೀ, ಅದೇ ಜಾಸ್ತಿ ನೋಯೋದು" ಎಂದರು. ಅಷ್ಟು ವರ್ಷದಲ್ಲಿ ನೋವಿನ ಬಗ್ಗೆ ಅವರ ಬಾಯಿಂದ ಬಂದ ದೊಡ್ಡ ಮಾತು ಅದು.

ನಾನು ಬುದ್ಧಿವಂತಳಂತೆ ಒಂದು ಮಾತು ಹೇಳಿದೆ. "ಸಭೆಗೆ ಮುಂಚೆನೇ ಮೊಬೈಲಲ್ಲಿ ಓಟು ಹಾಕಬಹುದು ಮಾವ. ಅತ್ತೆ ಫೋನ್ ಕೊಡಿ, ಈಗಲೇ ಮುಗಿಸ್ತೀನಿ."

ಮಾವ ನನ್ನನ್ನು ತಡವಾಗಿ ಶಾಲೆಗೆ ಬಂದ ಹುಡುಗಿಯನ್ನು ನೋಡುವಂತೆ ನೋಡಿದರು. "ಮನೇಲಿ ಕೂತು ಬೆರಳು ಒತ್ತಿ ಬೇಡ ಅನ್ನೋದಾ? ಅದು ಬಚ್ಚಿಟ್ಟುಕೊಂಡು ಕಲ್ಲು ಹೊಡೆದ ಹಾಗೆ. ನಾನು ಅವನ ಎದುರಿಗೆ ನಿಂತು ಹೇಳ್ತೀನಿ, ಹೇಳಿ ಅಲ್ಲೇ ಓಟು ಹಾಕ್ತೀನಿ."

ನಾನು ಒತ್ತಾಯ ಮಾಡಲಿಲ್ಲ. ಮಾಡಬೇಕಿತ್ತು. ಆದರೆ ಎಷ್ಟೋ ಕಾಲದ ಮೇಲೆ ಆ ಮನೆಯಲ್ಲಿ ಒಂದು ಉತ್ಸಾಹ ಬಂದಿತ್ತು, ಅದಕ್ಕೆ ಅಡ್ಡ ಬರುವ ಮನಸ್ಸು ಯಾರಿಗಾದರೂ ಹೇಗೆ ಬರುತ್ತದೆ ಹೇಳಿ.

ಮುಂದಿನ ದಿನಗಳಲ್ಲಿ ಮಾವ ದಿನಾ ಸಂಜೆ ತಾರಸಿಗೆ ಹೋಗಿ ಭಾಷಣ ಅಭ್ಯಾಸ ಮಾಡಿದರು. ಸಭೆಯಲ್ಲಿ ಒಬ್ಬೊಬ್ಬರಿಗೂ ಮೂರೇ ನಿಮಿಷ. ಮೂರು ನಿಮಿಷದಲ್ಲಿ ಸ್ಟೀಲ್ ಬಾಟಲಿ, ಹೋಟೆಲು, ಸಂಬಳ, ಭಾವಮೈದ ಎಲ್ಲವೂ ಬರಬೇಕು. ಒಣಹಾಕಿದ ಬಟ್ಟೆಗಳ ನಡುವೆ ನಿಂತು, "ಮಾನ್ಯ ಅಧ್ಯಕ್ಷರೇ!" ಎಂದು ಗರ್ಜಿಸಿದರೆ ಪಕ್ಕದ ಕಟ್ಟಡದ ಪಾರಿವಾಳಗಳು ಹಾರಿಹೋಗುತ್ತಿದ್ದವು. ಕೆಳಗಿನ ಮನೆಯಾಕೆ ಅತ್ತೆಯನ್ನು ಕೇಳಿದಳಂತೆ, ಮೇಷ್ಟ್ರು ಚುನಾವಣೆಗೆ ನಿಂತಿದ್ದಾರಾ ಎಂದು.

ಸಭೆಯ ದಿನ ಮಾವ ಶಾಲೆಯ ಬಿಳಿ ಪ್ಯಾಂಟು ಹಾಕಿ, ಬೂಟಿಗೆ ಪಾಲಿಶ್ ಹೊಡೆದು ಹೊರಟರು. ಷೇರು ಅತ್ತೆಯ ಹೆಸರಿನಲ್ಲಿ, ಜೊತೆಗೆ ಎರಡನೆಯವರಾಗಿ ಮಾವನ ಹೆಸರು. ಅತ್ತೆ ಬರಲಾರರು, ಆದ್ದರಿಂದ ಮಾವ ಹೋಗಬಹುದು. ಅವರ ಜೊತೆಗೆ ನಾನು, ರಜೆ ಹಾಕಿ. ಅತ್ತೆ ಬಾಗಿಲಲ್ಲಿ ನಿಂತು, "ಸಿಟ್ಟು ಮಾಡ್ಕೋಬೇಡಿ, ಮೂರು ನಿಮಿಷ ಅಷ್ಟೇ, ನೆನಪಿರಲಿ" ಎಂದರು. ನಾವು ಕೆಳಗಿಳಿದು ಬೀದಿಗೆ ಬಂದು ತಿರುಗಿ ನೋಡಿದಾಗ ಕಿಟಕಿಯಲ್ಲಿದ್ದರು.

ಹಿಂದೆ ಸಭೆ ಕಾರ್ಖಾನೆಯ ಕ್ಯಾಂಟೀನಿನಲ್ಲೇ ನಡೆಯುತ್ತಿತ್ತು. ಬಂದವರಿಗೆಲ್ಲ ಒಂದೊಂದು ಸಣ್ಣ ಫ್ಲಾಸ್ಕು ಉಡುಗೊರೆ. ಈಗ ಬಾಡಿಗೆಯ ಸಭಾಂಗಣ, ಚಳಿ ಹುಟ್ಟಿಸುವ ಎ.ಸಿ., ಕೂತರೆ ಎದ್ದೇಳಲು ಬಿಡದ ಮೆತ್ತನೆಯ ಕುರ್ಚಿಗಳು. ಬಾಗಿಲಲ್ಲಿ ಕಾಗದದ ಲೋಟದಲ್ಲಿ ಟೀ ಕೊಟ್ಟರು. ತಣ್ಣಗಾಗಿತ್ತು. ಫ್ಲಾಸ್ಕ್ ಕಂಪನಿಯ ಸಭೆಯಲ್ಲಿ ತಣ್ಣನೆ ಟೀ! "ಇದೊಂದನ್ನೇ ಹೇಳಿದ್ರೆ ಸಾಕು ಮಾವ, ಭಾಷಣವೇ ಬೇಡ" ಎಂದೆ. ಮಾವ ನಗಲಿಲ್ಲ, ತುಟಿಯಲ್ಲೇ ಭಾಷಣ ಹೇಳಿಕೊಳ್ಳುತ್ತಿದ್ದರು.

ಮೊದಲು ಓಟಿನ ಮೇಜಿಗೆ ಹೋಗಿ ಹೇಗೆ ಏನು ಎಂದು ತಿಳಿದುಕೊಂಡು ಬರೋಣ ಎಂದು ಹೋದೆವು. ಅಲ್ಲೊಬ್ಬಳು ಹುಡುಗಿ ಕಂಪ್ಯೂಟರಿನ ಮುಂದೆ ಕೂತಿದ್ದಳು. ಮಾವ ಕೊಟ್ಟ ಸಂಖ್ಯೆ ಹಾಕಿ ನೋಡಿದಳು.

"ನಿಮ್ಮ ಓಟು ಆಗಲೇ ಬಿದ್ದಿದೆ ಸರ್."

"ನಾನು ಈಗ ತಾನೇ ಬರ್ತಾ ಇದ್ದೀನಿ, ತಾಯಿ."

"ಆನ್‌ಲೈನ್‌ನಲ್ಲಿ ಹಾಕಿದ್ದೀರಿ ಸರ್. ಮೊನ್ನೆ ಸಂಜೆ. ಎಲ್ಲಾ ನಿರ್ಣಯಕ್ಕೂ ಪರವಾಗಿ. ಒಂದ್ಸಲ ಹಾಕಿದ್ರೆ ಬದಲಾಯಿಸೋಕೆ ಬರಲ್ಲ. ನೀವು ಕೂತು ಸಭೆ ನೋಡಬಹುದು, ಮಾತಾಡಬಹುದು."

ಇದ್ಯಾವುದೋ ಮೋಸ ಎಂದು ಮಾವ ದನಿಯೇರಿಸಿದರು. ಅಕ್ಕಪಕ್ಕದವರು ತಿರುಗಿ ನೋಡಿದರು. ಹುಡುಗಿ ಹೆದರಿ, ಪರದೆಯನ್ನೇ ನಮ್ಮ ಕಡೆ ತಿರುಗಿಸಿ ತೋರಿಸಿದಳು. ಪಾಪ, ಅವಳದೇನು ತಪ್ಪು. ನಾನು ಪಕ್ಕಕ್ಕೆ ಬಂದು ಅತ್ತೆಗೆ ಫೋನ್ ಮಾಡಿದೆ. ಮಾವನಿಗೂ ಕೇಳಲಿ ಎಂದು ಸ್ಪೀಕರ್ ಹಾಕಿದೆ.

"ಅತ್ತೆ, ಮೊನ್ನೆ ಸಂಜೆ ಮನೆಗೆ ಯಾರಾದ್ರೂ ಬಂದಿದ್ರಾ?"

"ಮೊನ್ನೆ? ಗುಮಾಸ್ತಣ್ಣ ಬಂದಿದ್ರಲ್ಲ. ವರ್ಷವರ್ಷವೂ ಬರ್ತಾರಲ್ಲ. ಪಾಪ, ಆ ಮೆಟ್ಟಿಲು ಹತ್ತಿ ಏದುಸಿರು ಬಿಡ್ತಿದ್ರು. ನಿಮ್ಮ ಮಾವ ಮೇಲೆ 'ಮಾನ್ಯ ಅಧ್ಯಕ್ಷರೇ' ಅಂತ ಕೂಗ್ತಾ ಇದ್ರು, ನಾವಿಬ್ರೂ ನಕ್ಕಿದ್ದೇ ನಕ್ಕಿದ್ದು. ಯಾಕೆ, ಏನಾಯ್ತು?"

ನಾನು ಬಾಯಿ ತೆರೆದೆ. ಮಾವ ನನ್ನ ಕೈಯಿಂದ ಫೋನು ಕಿತ್ತುಕೊಂಡರು.

"ಏನಿಲ್ಲ" ಎಂದರು. ಅಷ್ಟು ಮೆಲ್ಲಗೆ ಅವರು ಮಾತಾಡಿದ್ದನ್ನು ನಾನು ಕೇಳಿರಲೇ ಇಲ್ಲ. "ಇಲ್ಲಿ ಟೀ ತಣ್ಣಗಿದೆ. ಅದನ್ನ ಹೇಳೋಣ ಅಂತ ಮಾಡಿದ್ವಿ."

ಫೋನಿಟ್ಟ ಮೇಲೆ ನಾನು ಸುಮ್ಮನಿರಲಿಲ್ಲ. ದೂರು ಕೊಡೋಣ, ಹೀಗೆ ಮನೆಮನೆಗೆ ಹೋಗಿ ಓಟು ಒತ್ತಿಸಿಕೊಳ್ಳುವುದು ತಪ್ಪು, ಯಾರಾದರೂ ಕೇಳುವವರು ಇದ್ದೇ ಇರುತ್ತಾರೆ ಎಂದು ಒಂದೇ ಉಸಿರಿಗೆ ಹೇಳಿದೆ. ಮಾವ ಕೈ ಎತ್ತಿ ನಿಲ್ಲಿಸಿದರು.

"ಯಾರ ಮೇಲೆ ದೂರು? ನಂಬರು ಓದಿ ಹೇಳಿದವಳು ನಿನ್ನ ಅತ್ತೆ. ದೂರು ಕೊಟ್ರೆ ಮೊದಲು ಅವಳನ್ನೇ ಕರೆದು ಕೇಳ್ತಾರೆ. ನೋಡು, ಅವಳ ಮಂಡಿ ಹೀಗಾಗಿದ್ದು ನನ್ನಿಂದ. ಅದು ಅವಳಿಗೂ ಗೊತ್ತು, ನನಗೂ ಗೊತ್ತು. ಅದು ಹಾಗೇ ಇರಲಿ. ಕೊನೆಗೆ ಕೆಡಿಸಿದ್ದು ತಾನೇ ಅಂತ ಅವಳಿಗೆ ಗೊತ್ತಾಗೋದು ಬೇಡ."

ನನಗೆ ಅಳು ಬಂತು. ಅಳಲು ಅದು ಜಾಗವಲ್ಲ, ಒಳಗೆ ಹೋಗಿ ಕೂತೆವು.

ವೇದಿಕೆಯ ಮೇಲೆ ಚಿಕ್ಕ ಯಜಮಾನರು, ಅಕ್ಕಪಕ್ಕ ಕೋಟು ಹಾಕಿದವರು. ಸಭಾಂಗಣದಲ್ಲಿ ಹೆಚ್ಚಿನವರು ನಮ್ಮಂಥವರೇ. ಹಳೆಯ ಕೆಲಸಗಾರರು, ಅವರ ಹೆಂಡಂದಿರು, ಮಕ್ಕಳು. ಎಲ್ಲರ ತೊಡೆಯ ಮೇಲೂ ತಿಂಡಿಯ ಪೊಟ್ಟಣ. ಗುಮಾಸ್ತರು ಗೋಡೆಯ ಪಕ್ಕದಲ್ಲಿ ಕೊರಳಿಗೆ ಕಾರ್ಡು ಹಾಕಿಕೊಂಡು ನಿಂತಿದ್ದರು. ನಮ್ಮನ್ನು ನೋಡಿ ಕೈ ಮುಗಿದರು. ಮಾವ ಮುಗಿಯಲಿಲ್ಲ.

ಮಾವನ ಹೆಸರು ಕರೆದರು. ಮಾವ ಮೈಕಿನ ಹತ್ತಿರ ಹೋಗಿ ನಿಂತರು. ಮೈಕನ್ನು ಪಕ್ಕಕ್ಕೆ ಸರಿಸಿದರು. 'ಮಾನ್ಯ ಅಧ್ಯಕ್ಷರೇ' ಬರುತ್ತದೆ ಎಂದು ನಾನು ಕಾದೆ. ಬರಲಿಲ್ಲ. ಅವರು ವೇದಿಕೆಗೆ ಬೆನ್ನು ಮಾಡಿ ಸಭೆಯ ಕಡೆ ತಿರುಗಿದರು.

"ಒಂದೇ ಪ್ರಶ್ನೆ. ಈ ವಾರ ಗುಮಾಸ್ತರು ಯಾರ ಯಾರ ಮನೆಗೆ ಬಂದು, ಟೀ ಕುಡಿದು, ಮೊಬೈಲಿಗೆ ಬಂದ ನಂಬರು ಕೇಳಿಕೊಂಡು ಹೋದ್ರು? ಅವರೆಲ್ಲ, ಕೈ ಮೇಲೆ!"

ಮೈದಾನದ ಗಂಟಲು ಅದು. ಯೋಚನೆ ಮಾಡುವ ಮೊದಲೇ ಜನ ಕೈ ಎತ್ತಿದರು. ಮುಂದಿನ ಸಾಲಿನಲ್ಲಿ ಒಂದು, ಅದರ ಹಿಂದೆ ಎರಡು, ಆಮೇಲೆ ಇಡೀ ಸಾಲುಗಳು. ಕೆಲವರು ತಿಂಡಿಯ ಪೊಟ್ಟಣ ಹಿಡಿದ ಕೈಯನ್ನೇ ಎತ್ತಿದ್ದರು. ಎತ್ತಿದವರು ತಿರುಗಿ ಒಬ್ಬರನ್ನೊಬ್ಬರು ನೋಡಿಕೊಂಡರು. ಅರ್ಥವಾದವರ ಮುಖ ಬದಲಾಯಿತು. ಅರ್ಥವಾಗದವರು ಏನೋ ಬಹುಮಾನವಿದೆ ಎಂಬಂತೆ ನಗುತ್ತಿದ್ದರು. ಗೋಡೆಯ ಪಕ್ಕದಲ್ಲಿ ಗುಮಾಸ್ತರು ತಲೆ ತಗ್ಗಿಸಿ ಕೊರಳ ಕಾರ್ಡನ್ನು ಹಿಂದೆ ಮುಂದೆ ತಿರುಗಿಸುತ್ತಿದ್ದರು.

ಏನಾದರೂ ಆಗುತ್ತದೆ ಎಂದು ನಾನು ನಿಜವಾಗಿಯೂ ನಂಬಿದೆ. ಯಾರಾದರೂ ಎದ್ದು ಕೂಗುತ್ತಾರೆ, ವೇದಿಕೆಯ ಮೇಲಿನವರ ಬೆವರಿಳಿಯುತ್ತದೆ ಎಂದುಕೊಂಡೆ. ಚಿಕ್ಕ ಯಜಮಾನರು ಪಕ್ಕದವರ ಕಿವಿಯಲ್ಲಿ ಏನೋ ಹೇಳಿ, ಮೈಕು ಹತ್ತಿರಕ್ಕೆ ಎಳೆದುಕೊಂಡರು.

"ತಮ್ಮ ಅಮೂಲ್ಯ ಸಲಹೆಯನ್ನು ಗಮನಕ್ಕೆ ತೆಗೆದುಕೊಂಡಿದ್ದೇವೆ. ಮುಂದಿನವರು?"

ಎತ್ತಿದ ಕೈಗಳು ಇನ್ನೂ ಮೇಲೆಯೇ ಇದ್ದವು. ಮಾವ ಅವುಗಳನ್ನು ಒಮ್ಮೆ ಈ ಕಡೆಯಿಂದ ಆ ಕಡೆಯವರೆಗೆ ನೋಡಿದರು.

"ಇಳಿಸಿ" ಎಂದರು. ಬಂದು ನನ್ನ ಪಕ್ಕ ಕೂತರು.

ಮನೆಗೆ ಬಂದಾಗ ಅತ್ತೆ ಬಾಗಿಲು ತೆರೆದೇ ಇಟ್ಟಿದ್ದರು. ಮೆಟ್ಟಿಲ ಸದ್ದಿಗೇ ಎದ್ದು ಬಂದಿದ್ದರು.

"ಹೇಳಿದ್ರಾ?"

"ಹೇಳಿದೆ."

"ಓಟು ಹಾಕಿದ್ರಾ?"

ಮಾವ ಬೂಟಿನ ಲೇಸು ಬಿಚ್ಚುತ್ತಿದ್ದರು. ತಲೆ ಎತ್ತಲಿಲ್ಲ. "ಹಾಕಿದೆ. ಅವನ ಎದುರಿಗೇ ನಿಂತು ಹಾಕಿದೆ."

ಅತ್ತೆ ನನ್ನ ಕಡೆ ನೋಡಿದರು. ನಾನು ತಲೆಯಾಡಿಸಿದೆ. ಇನ್ನೇನು ಮಾಡಲಿ? ಸುಳ್ಳಿಗೆ ಸಾಕ್ಷಿ ಹೇಳುವುದು ಇಷ್ಟು ಸುಲಭ ಎಂದು ನನಗೆ ಅವತ್ತು ಗೊತ್ತಾಯಿತು.

ಫಲಿತಾಂಶ ಮರುದಿನವೇ ಬಂತು. ನಿರ್ಣಯ ಭಾರೀ ಬಹುಮತದಿಂದ ಅಂಗೀಕಾರವಾಗಿತ್ತು. ಷೇರಿನ ಬೆಲೆ ಅದೇ ವಾರ ಪಾತಾಳ ಕಂಡಿತು. ಮಾವ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ಸಮಾಧಾನ ಮಾಡಿದ್ದು ಅತ್ತೆ. "ಹೋಗ್ಲಿ ಬಿಡಿ. ಎಲ್ರೂ ಹೂಂ ಅಂದ್ರೂ ನಮ್ಮದೊಂದು ಓಟು ಬೇಡ ಅಂತ ಬಿತ್ತಲ್ಲ. ಅಪ್ಪನ ಕಾರ್ಖಾನೆ ಮಾರೋಕೆ ನಾವಂತೂ ಕೈ ಹಾಕಲಿಲ್ಲ. ನನಗೆ ಅಷ್ಟು ಸಾಕು." ಮಾವ ಹೂಂಗುಟ್ಟಿದರು.

ಕೆಲವು ವಾರಗಳ ಮೇಲೆ ಒಂದು ಭಾನುವಾರ ನಾನು ಅಲ್ಲಿದ್ದಾಗ ಗುಮಾಸ್ತರು ಬಂದರು. ಬಿಸ್ಕತ್ತಿನ ಪೊಟ್ಟಣ ತಂದಿದ್ದರು. ಕೊರಳಲ್ಲಿ ಕಾರ್ಡಿರಲಿಲ್ಲ. ಕಾರ್ಖಾನೆ ಕೈ ಬದಲಾದ ಮೇಲೆ ಷೇರು ವಿಭಾಗವನ್ನು ಮುಚ್ಚಿ ಅವರನ್ನು ಮನೆಗೆ ಕಳಿಸಿದ್ದರು. ಇಷ್ಟು ಮನೆ ಅಲೆದು, ಇಷ್ಟು ಟೀ ಕುಡಿದು ಯಜಮಾನರ ಕೆಲಸ ಮಾಡಿಕೊಟ್ಟವರಿಗೆ ಸಿಕ್ಕಿದ್ದು ಅದು. ನನಗೆ ಅವರ ಮೇಲೆ ಕೆಂಡದಂಥ ಕೋಪವಿತ್ತು, ನಾಲ್ಕು ಮಾತು ಆಡಿಯೇ ಬಿಡಬೇಕೆಂದಿದ್ದೆ. ಏದುಸಿರು ಬಿಡುತ್ತ ಬಾಗಿಲಲ್ಲಿ ನಿಂತವರನ್ನು ನೋಡಿ ಆಡಲಾಗಲಿಲ್ಲ. ಮಾವ ಎದ್ದು ಕುರ್ಚಿ ಸರಿಸಿಕೊಟ್ಟರು.

ಅತ್ತೆ ತಾತನ ಹಳೆಯ ಫ್ಲಾಸ್ಕಿನಿಂದ ಟೀ ಬಗ್ಗಿಸಿ ಕೊಟ್ಟರು. ಹಬೆಯಾಡುತ್ತಿತ್ತು. ಗುಮಾಸ್ತರು ಲೋಟ ಹಿಡಿದರೇ ಹೊರತು ಕುಡಿಯಲಿಲ್ಲ.

"ತಂಗಿ, ಒಂದು ಮಾತು ಹೇಳಿ ಹೋಗೋಣ ಅಂತ ಬಂದೆ" ಎಂದರು.

ಮಾವ ಕೂತಲ್ಲೇ ನೆಟ್ಟಗಾದರು. ಆದರೆ ಅತ್ತೆಗೇ ತಡೆಯಲಾಗಲಿಲ್ಲ.

"ಮೊದಲು ನಾನು ಹೇಳಿಬಿಡ್ತೀನಿ ಅಣ್ಣ. ಅವತ್ತಿಂದ ಮನಸ್ಸಿಗೆ ಒಂಥರಾ ಆಗಿದೆ. ಈ ಸಲ ಇವರು ಸಭೆಗೆ ಹೋಗಿ ನಮ್ಮ ಓಟನ್ನ ನಿಮ್ಮ ಯಜಮಾನರ ವಿರುದ್ಧ ಹಾಕಿಬಿಟ್ರು. ನೀವು ಮನೆಗೆ ಬಂದು ಟೀ ಕುಡಿದು ಹೋದಾಗ ನಾನು ಅದನ್ನ ಬಾಯಿಬಿಟ್ಟು ಹೇಳಲಿಲ್ಲ. ಮುಚ್ಚಿಟ್ಟ ಹಾಗಾಯ್ತು. ನೀವು ಬೇಜಾರು ಮಾಡ್ಕೋಬಾರದು. ಅಪ್ಪನ ಕಾರ್ಖಾನೆ ಅಲ್ವಾ, ಬೇರೆ ದಾರಿ ಇರಲಿಲ್ಲ."

ಗುಮಾಸ್ತರು ಅತ್ತೆಯನ್ನು ನೋಡಿದರು. ಆಮೇಲೆ ಮಾವನನ್ನು ನೋಡಿದರು. ಮಾವ ಕಣ್ಣು ಕೀಳದೆ ಅವರನ್ನೇ ನೋಡುತ್ತಿದ್ದರು. ಅಪ್ಪಣೆ ಕೊಡುವ ಕಣ್ಣಲ್ಲ ಅದು. ಬೇಡಿಕೊಳ್ಳುತ್ತಿತ್ತು. ಗುಮಾಸ್ತರು ಲೋಟವನ್ನು ಕೆಳಗಿಟ್ಟರು.

"ಇಲ್ಲ ತಂಗಿ" ಎಂದರು. "ನೀವು ಮಾಡಿದ್ದೇ ಸರಿ. ನಿಮ್ಮಪ್ಪ ಇದ್ದಿದ್ರೂ ಹಾಗೇ ಮಾಡ್ತಿದ್ರು."

ಅತ್ತೆಯ ಮುಖ ಅರಳಿತು. ಸೆರಗಿನಿಂದ ಕಣ್ಣೊರೆಸಿಕೊಂಡು, "ನೀವೇನೋ ಹೇಳಬೇಕು ಅಂದ್ರಲ್ಲ?" ಎಂದು ಕೇಳಿದರು.

"ಅದೇ, ಕೆಲಸ ಹೋಯ್ತು ಅಂತ. ಇನ್ನು ವರ್ಷವರ್ಷ ಬರೋದಿರಲ್ಲ."

ಅವರು ಎದ್ದಾಗ ಮಾವನೂ ಎದ್ದರು. ಯಾರನ್ನೂ ಎಂದೂ ಬಾಗಿಲಿಂದಾಚೆ ಬೀಳ್ಕೊಡದವರು ಗುಮಾಸ್ತರ ತೋಳು ಹಿಡಿದುಕೊಂಡು ಮೆಟ್ಟಿಲಿಳಿದರು. ಕೆಳಗಿನವರೆಗೂ ಚಪ್ಪಲಿಯ ಸದ್ದಷ್ಟೇ ಕೇಳುತ್ತಿತ್ತು.

ಅತ್ತೆ ಕಿಟಕಿಯಿಂದ ಅವರನ್ನು ನೋಡಿದರು. "ನೋಡಿದ್ಯಾ, ಅಣ್ಣ ಒಂಚೂರೂ ಬೇಜಾರು ಮಾಡ್ಕೊಳ್ಳಲಿಲ್ಲ. ಮನಸ್ಸು ಹಗುರ ಆಯ್ತು" ಎಂದರು. ಆಮೇಲೆ ಕಿಟಕಿಯ ಕಂಬಿ ಹಿಡಿದು, ನೋಯುವ ಬಲಗಾಲಿನ ಭಾರ ಎಡಗಾಲಿಗೆ ಬಿಟ್ಟು, ನನ್ನ ಕಡೆ ತಿರುಗಿದರು.

"ಮುಂದಿನ ವರ್ಷ ನಾನೂ ಬರ್ತೀನಿ. ನೀನೂ ನಿನ್ನ ಮಾವನೂ ಹಿಡ್ಕೊಂಡ್ರೆ ಮೆಟ್ಟಿಲು ಇಳೀತೀನಿ. ಒಂದ್ಸಲ ನಾನೂ ಎದುರಿಗೆ ನಿಂತು ಹಾಕಬೇಕು."

"ಆಗಲಿ ಅತ್ತೆ" ಎಂದು ಲೋಟಗಳನ್ನು ಎತ್ತಿಕೊಂಡು ಒಳಗೆ ಹೋದೆ. ಗುಮಾಸ್ತರ ಲೋಟದಲ್ಲಿ ಟೀ ಹಾಗೇ ಇತ್ತು.